ಗದೆ ಎತ್ತುವ ಮೊದಲು

ರಾತ್ರಿ ಒಂಬತ್ತೂವರೆ. ದಬ್ಬೇಘಟ್ಟದ ತೋಟದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೀರಿ. ಮುಂದೆ ಬಿ.ಎಂ.ಶ್ರೀ ಅವರ ‘ಗದಾಯುದ್ಧ ನಾಟಕಂ’, ಪಕ್ಕಕ್ಕೆ ರನ್ನನ ಕಾವ್ಯ, ತೊಡೆಯ ಮೇಲೆ ಗೆರೆ ಹಾಕಿದ ಹಾಳೆ. ಬಿ.ಎ. ತರಗತಿಯ ಪ್ರಬಂಧ, ನಾಳಿದ್ದು ಒಪ್ಪಿಸಬೇಕು. ‘ಭೀಮ–ದುರ್ಯೋಧನರ ಸಂಘರ್ಷ: ಒಂದು ವಿಮರ್ಶೆ’ ಎಂದು ತಲೆಬರಹ ಬರೆದು ಅಡಿಗೆರೆ ಎಳೆದಾಗಿದೆ. ಅದರ ಕೆಳಗೆ ಏನೂ ಇಲ್ಲ.

ಮೇಲೆ ಅಟ್ಟದಲ್ಲಿ ಹೋದ ವರ್ಷದ ಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದು, ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ. ಇಲಿ ಓಡಿದಾಗ ಒಂದು ಕಾಯಿ ಹೊರಳುತ್ತದೆ. ಗಿಟುಕು ಲೊಡಲೊಡ ಅನ್ನುತ್ತದೆ. ಊರೊಳಗಿಂದ ಹಾರ್ಮೋನಿಯಂ ಕೇಳುತ್ತಿದೆ. ಜಾತ್ರೆಗೆ ‘ಕುರುಕ್ಷೇತ್ರ’ ಕಟ್ಟುತ್ತಿದ್ದಾರೆ. ಡ್ರಾಮಾ ಮೇಷ್ಟ್ರು ಒಂದೇ ಕಂದಪದ್ಯವನ್ನು ಬಿಡದೆ ಹೇಳಿಸುತ್ತಿದ್ದಾರೆ, ಹೇಳುವವನ ಶ್ರುತಿ ಪ್ರತಿ ಸಲವೂ ಅದೇ ಜಾಗದಲ್ಲಿ ಜಾರುತ್ತಿದೆ.

ಈ ಸೀಮೆಯ ನಾಟಕದಲ್ಲಿ ಪಾತ್ರ ಮಾಡುವವನಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವನೇ ಕೈಯಿಂದ ಕೊಡಬೇಕು. ದುರ್ಯೋಧನ, ಕೃಷ್ಣ, ಭೀಮನಿಗೆ ಹೆಚ್ಚು. ಸಣ್ಣ ಪಾತ್ರಕ್ಕೆ ಕಡಿಮೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ರಾತ್ರಿಗೆ ಕೌರವೇಶ್ವರನಾಗುವವರು ಇಲ್ಲಿ ಊರಿಗೊಬ್ಬರಿದ್ದಾರೆ. ನಿಮ್ಮ ಸೋದರಮಾವ ಈ ಸಲದ ದುರ್ಯೋಧನ.

ಮೊದಲ ವಾಕ್ಯ ಬರೆಯುತ್ತೀರಿ: ಭೀಮ ಧರ್ಮದ ಪ್ರತೀಕ, ದುರ್ಯೋಧನ ಅಧರ್ಮದ ಪ್ರತೀಕ. ಬರೆದ ಕೂಡಲೇ ಗೊತ್ತಾಗುತ್ತದೆ, ಇದು ಗೈಡಿನ ಮಾತು. ನಾಟಕ ಓದದೆಯೂ ಬರೆಯಬಹುದಾದ ವಾಕ್ಯ. ಹೊಡೆದು ಹಾಕುತ್ತೀರಿ.

ಪುಸ್ತಕ ಮತ್ತೆ ತೆರೆಯುತ್ತೀರಿ. ಇದನ್ನು ಕಟ್ಟಿದವರು ದೂರದವರಲ್ಲ. ಬಿ.ಎಂ.ಶ್ರೀ ಹುಟ್ಟಿದ್ದು ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರ ಜನವರಿ 3ರಂದು. ಗುಬ್ಬಿ ಕಂಪನಿ ಶುರುವಾದದ್ದೂ ಅದೇ ವರ್ಷ, ಇದೇ ಜಿಲ್ಲೆಯಲ್ಲಿ. ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಆನೆ ಕುದುರೆ ತಂದು ಜನ ಸೇರಿಸಿದರು; ಬಿ.ಎಂ.ಶ್ರೀ ಗ್ರೀಕರ ದುರಂತ ನಾಟಕಗಳನ್ನು ಕಣ್ಣ ಮುಂದಿಟ್ಟುಕೊಂಡು ರನ್ನನ ಪದ್ಯಗಳನ್ನೇ ನಾಟಕವಾಗಿ ಜೋಡಿಸಿದರು. ಅದು 1926ರಲ್ಲಿ. ಆಮೇಲೆ ಸೊಫೊಕ್ಲಿಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ರನ್ನನಿಗೆ ಭೀಮನೇ ನಾಯಕ, ಏಕೆಂದರೆ ತನ್ನ ದೊರೆ ಚಾಲುಕ್ಯ ಸತ್ಯಾಶ್ರಯನನ್ನು ಅವನು ಭೀಮನಿಗೆ ಹೋಲಿಸಿದ್ದ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಬಿ.ಎಂ.ಶ್ರೀ ಅದೇ ಸಾಮಗ್ರಿಯಿಂದ ದುರ್ಯೋಧನನನ್ನು ದುರಂತ ನಾಯಕನನ್ನಾಗಿ ಮಾಡಿದರು. ಹಾಗಾದರೆ ಇವನು ಸೆಣಸುತ್ತಿರುವುದು ಯಾರ ಜೊತೆ?

ಗೇಟು ಕಿರ್ರೆನ್ನುತ್ತದೆ. ಮಾವ ಪ್ರಾಕ್ಟೀಸು ಮುಗಿಸಿ ಬಂದಿದ್ದಾರೆ, ಹೆಗಲ ಮೇಲೆ ಟವೆಲು, ಗಂಟಲು ಕಟ್ಟಿದೆ.

“ಇನ್ನೂ ಮಲಗಿಲ್ವೇನೋ?”

“ಮಾವ, ದುರ್ಯೋಧನ ಸಂಧಿಗೆ ಯಾಕೆ ಒಪ್ಪಲಿಲ್ಲ?”

“ಒಪ್ಕಂಡಿದ್ರೆ ನಾಟಕ ಎಲ್ಲೈತಪ್ಪ?” ನಗುತ್ತಾ ಚೊಂಬೆತ್ತಿ ನೀರು ಕುಡಿಯುತ್ತಾರೆ. ಬಾಯಿ ಒರೆಸಿಕೊಂಡು, ನಗೆ ಬಿಟ್ಟು, “ಕರ್ಣ ಹೋದ, ತಮ್ಮ ಹೋದ. ಇನ್ಯಾರ್ ಜೊತೆ ಕೂತ್ಕಂಡು ಆಳ್ತಾನೆ ಅವ್ನು?” ಎನ್ನುತ್ತಾರೆ.

ನೀವು ರನ್ನನ ಪುಟ ತಿರುವುತ್ತೀರಿ. ಮಾವ ಓದಿದವರಲ್ಲ, ಆದರೆ ಹೇಳಿದ್ದು ಅಲ್ಲೇ ಇದೆ. ರಣರಂಗಕ್ಕೆ ಧೃತರಾಷ್ಟ್ರ, ಗಾಂಧಾರಿ ಬರುತ್ತಾರೆ. ನೂರು ಮಕ್ಕಳಲ್ಲಿ ಉಳಿದವನು ಇವನೊಬ್ಬ. ಸಂಧಿ ಮಾಡಿಕೊಂಡು ಬದುಕು ಎಂದು ಬೇಡುತ್ತಾರೆ. ಮಗ ಖಡಾಖಂಡಿತ ಇಲ್ಲ ಅನ್ನುವುದಿಲ್ಲ. ಧರ್ಮರಾಯನ ಮೇಲೆ ತನಗೆ ಹಗೆಯಿಲ್ಲ, ಅವನ ಜೊತೆ ಬಾಳಬಲ್ಲೆ. ಕರ್ಣನನ್ನು ಕೊಂದ ಅರ್ಜುನ, ದುಶ್ಶಾಸನನನ್ನು ಕೊಂದ ಭೀಮ, ಇವರಿಬ್ಬರು ಮೊದಲು ಸಾಯಲಿ ಅನ್ನುತ್ತಾನೆ. ಸೂಜಿಮೊನೆಯಷ್ಟೂ ನೆಲ ಕೊಡೆನೆಂದವನ ಬಾಯಲ್ಲಿ ಈಗ ನೆಲದ ಸುದ್ದಿಯೇ ಇಲ್ಲ.

ಪೆನ್ನು ಈಗ ಓಡುತ್ತದೆ. ಭೀಮನಿಗೂ ದುರ್ಯೋಧನನಿಗೂ ಬೇಕಿರುವುದು ಒಂದೇ, ಗದೆ ಹಿಡಿದು ಎದುರಾಗುವುದು. ಆ ಮಟ್ಟಿಗೆ ಇಬ್ಬರದೂ ಒಮ್ಮತ. ಹಗೆ ಎಷ್ಟೇ ದೊಡ್ಡದಿರಲಿ, ಅಲ್ಲಿ ತೀರ್ಮಾನವಾಗಲು ಉಳಿದಿರುವುದು ಯಾರ ತೋಳು ಬಲ ಎಂಬುದಷ್ಟೆ. ನಿಜವಾದ ಎಳೆದಾಟ ಇರುವುದು ದುರ್ಯೋಧನನನ್ನು ಪ್ರೀತಿಸುವವರ ಜೊತೆ. ತಾಯಿಗೆ ಮಗ ಉಳಿಯಬೇಕು. ಮಗನಿಗೆ ಸತ್ತವರ ಋಣ ತೀರಬೇಕು. ಇಬ್ಬರದೂ ನ್ಯಾಯವೇ, ಎರಡೂ ಒಟ್ಟಿಗೆ ಆಗುವಂತಿಲ್ಲ.

ಆಧಾರ ಬೇಕು. ಹೆಣಗಳ ನಡುವೆ ಸಂಜಯನ ಜೊತೆ ನಡೆಯುವಾಗ ದುರ್ಯೋಧನ ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ. ಸತ್ತವನು ಶತ್ರುವಿನ ಮಗ, ಆದರೂ ಮೆಚ್ಚಿ ಕೈಮುಗಿದು, ತನಗೂ ಇಂಥದೇ ಸಾವು ಬರಲಿ ಎನ್ನುತ್ತಾನೆ. ಇದನ್ನು ಬರೆದುಕೊಳ್ಳುತ್ತೀರಿ. ಇನ್ನೊಂದು, ವೈಶಂಪಾಯನ ಸರೋವರ. ಭೀಷ್ಮರು ಒಂದು ದಿನ ಅಲ್ಲಿರು ಅಂದದ್ದಕ್ಕೆ ಒಪ್ಪಿ ನೀರಿಗಿಳಿದಿದ್ದಾನೆ. ದಡದಲ್ಲಿ ಭೀಮ ಮೂದಲಿಸುತ್ತಾನೆ. ಅದನ್ನು ಕೇಳಿ ನೀರಿನಡಿಯಲ್ಲೂ ಅವನಿಗೆ ಬೆವರು ಬಂತು ಎಂದಿದ್ದಾನೆ ರನ್ನ. ಅಜ್ಜನಿಗೆ ಕೊಟ್ಟ ಮಾತು ಒಂದು ಕಡೆ, ಅಡಗಿಕೊಂಡ ನಾಚಿಕೆ ಇನ್ನೊಂದು ಕಡೆ. ಕಾದಾಟ ನಡೆದಿರುವುದು ಒಬ್ಬನ ಒಳಗೇ. ಅವನು ಮೇಲೆದ್ದು ಬಂದ ಗಳಿಗೆಗೆ ನಾಟಕದ ತೀರ್ಪು ಆಗಿಹೋಯಿತು. ತೊಡೆ ಮುರಿಯುವುದು ಆ ತೀರ್ಪಿನ ಜಾರಿ.

ಪಕ್ಷಪಾತ ಆಗಬಾರದೆಂದು ದ್ರೌಪದಿಗೂ ಒಂದು ಪ್ಯಾರಾ ಕೊಡುತ್ತೀರಿ. ಕೊಡಲೇಬೇಕು. ತುಂಬಿದ ಸಭೆಯಲ್ಲಿ ಅವಳಿಗಾದದ್ದನ್ನು ಮರೆತು ದುರ್ಯೋಧನನಿಗೆ ಕಣ್ಣೀರು ಹಾಕುವ ವಿಮರ್ಶೆ ಅರ್ಧ ಕುರುಡು. ಪ್ರತಿಜ್ಞೆ ಇನ್ನೂ ಬಾಕಿಯಿದೆ ಎಂದು ಭೀಮನನ್ನು ಕೆರಳಿಸುವವಳು ಅವಳೇ. ಗಾಂಧಾರಿ ಯುದ್ಧ ನಿಲ್ಲಿಸಲು ಎಳೆಯುತ್ತಾಳೆ, ದ್ರೌಪದಿ ನಡೆಸಲು ಎಳೆಯುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಎದುರಿಸಿ ಮಾತಾಡುವುದಿಲ್ಲ, ಆದರೂ ಆ ಎರಡು ಗದೆಗಳ ಹಿಂದೆ ಇರುವುದು ಈ ಇಬ್ಬರು ಹೆಂಗಸರ ಹಟ.

ಹಾಳೆಯ ಮೇಲಿನ ತಲೆಬರಹ ಈಗ ಸರಿಹೊಂದುವುದಿಲ್ಲ. ‘ಭೀಮ’ ಎಂಬುದನ್ನು ಹೊಡೆದು ‘ಗಾಂಧಾರಿ’ ಎಂದು ಬರೆಯುತ್ತೀರಿ. ಮೇಷ್ಟ್ರು ಮಾರ್ಕು ಕಡಿಮೆ ಹಾಕಿದರೆ ಹಾಕಲಿ.

ಊರೂರಿನ ಡ್ರಾಮಾ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಬೆಳಗಾಗುತ್ತಾ ಬಂತು, ನಾಟಕ ಮುಗಿಯಲಿಲ್ಲ ಎಂದು ಎಲ್ಲಾದರೂ ಕತ್ತರಿ ಹಾಕಬೇಕಾದರೆ ಗದೆಯ ಕಾಳಗಕ್ಕೆ ಹಾಕಿ. ಗಾಂಧಾರಿಯ ಪಾತ್ರಕ್ಕೆ ಯಾರೂ ಹೆಚ್ಚು ದುಡ್ಡು ಕಟ್ಟಿರುವುದಿಲ್ಲ, ನಿಜ. ಆದರೂ ಆಕೆಗೆ ಮಾತಾಡಲು ಪೂರ್ತಿ ಹೊತ್ತು ಕೊಡಿ.