ಜೆ.ಸಿ. ರಸ್ತೆಯಲ್ಲೊಂದು ಆಸನದ ಅನ್ವೇಷಣೆ

ತುಮಕೂರಿನಿಂದ ಚಿತ್ರದುರ್ಗಕ್ಕೆ ಸುಮಾರು 130 ಕಿಲೋಮೀಟರು ದೂರ. ನನ್ನ ಶ್ರೀಮತಿಯ ತವರು ಅಲ್ಲಿದೆ. ಮದುವೆಯಾದಂದಿನಿಂದ ಶಿರಾ, ಹಿರಿಯೂರುಗಳ ಮೂಲಕ ಸಾಗುವ ಆ ಹೆದ್ದಾರಿಯಲ್ಲಿ ನಾವಿಬ್ಬರೂ ಮೋಟಾರು ಸೈಕಲ್ಲಿನಲ್ಲಿಯೇ ಓಡಾಡಿದವರು. ಬಸ್ಸುಗಳಿಗೇನೂ ಬರವಿಲ್ಲ. ಆದರೆ ಮನಸ್ಸು ಬಂದಲ್ಲಿ ನಿಂತು, ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ಚಟ್ನಿಪುಡಿ ತಿಂದು ಮುಂದೆ ಸಾಗುವ ಸುಖ ಬಸ್ಸಿನಲ್ಲಿ ದೊರೆಯುವುದಿಲ್ಲ. ಐವತ್ತು ದಾಟಿದ ಮೇಲೆ ಆಕೆಗೆ ಸೊಂಟನೋವು ಕಾಣಿಸಿಕೊಂಡಿತು. "ಕೂರುವ ರೀತಿ ಸರಿಯಾಗಿದ್ದರೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ನಡುನಡುವೆ ಇಳಿದು ನಾಲ್ಕು ಹೆಜ್ಜೆ ಅಡ್ಡಾಡಿ" ಎಂದು ವೈದ್ಯರು ತಿಳಿಸಿದರು. ತವರಿನಲ್ಲಿ ಎಂಬತ್ತನಾಲ್ಕರ ತಾಯಿ ಹಾಸಿಗೆಗೆ ಹತ್ತಿರವಾಗಿದ್ದ ಕಾಲವದು. ತಿಂಗಳಿಗೆರಡು ಸಲವಾದರೂ ಹೋಗಿಬರಬೇಕಾಗಿತ್ತು.

ಪರಿಹಾರವೆಂದು ನಾನು ಮಾಡಿದ್ದು ಶುದ್ಧ ಅವಿವೇಕ. ಊರಿನ ಅಂಗಡಿಯೊಂದರಲ್ಲಿ, ಹೆಬ್ಬೆರಳಿನಿಂದ ಒತ್ತಿದರೆ ಬೆಣ್ಣೆಯಂತೆ ಒಳಗಿಳಿಯುವ ಉಬ್ಬಿದ ಸೀಟೊಂದನ್ನು ಕಂಡು ಮಾರುಹೋದೆ. ಶಿರಾದವರೆಗೆ ಅದು ಸಿಂಹಾಸನವೇ ಆಗಿತ್ತು. ಅಲ್ಲಿಂದ ಮುಂದೆ ಸ್ಪಂಜು ಕುಸಿದು ಒಳಗಿನ ತಗಡು ಮೂಳೆಗೆ ತಾಗತೊಡಗಿತು. ಹಿರಿಯೂರಿನಲ್ಲಿ ಇಳಿದಾಗ ಆಕೆಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಉಳಿದ ದಾರಿಗೆ ಬಸ್ಸು ಹತ್ತಿಸಿ, ಆ ಬಸ್ಸಿನ ಹಿಂದೆಯೇ ನಾನೊಬ್ಬನೇ ಖಾಲಿ ಸೀಟನ್ನು ಹೊತ್ತು ಚಿತ್ರದುರ್ಗ ಸೇರಿದೆ. ಕಿಟಕಿಯಿಂದ ಆಕೆ ಆಗಾಗ ಹಿಂತಿರುಗಿ ನೋಡುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೀಗಾಗಿ ಮುಂದಿನ ವಾರ ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೊರಟೆವು. ಸೀಟನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಸಹಪ್ರಯಾಣಿಕರೊಬ್ಬರು ಅದನ್ನು ತಂಬೂರಿಯೆಂದು ಭಾವಿಸಿ ಸಂಗೀತದ ಮಾತು ತೆಗೆದರು.

ಪುಟ್ಟಣ್ಣಚೆಟ್ಟಿ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜ ರಸ್ತೆಯನ್ನು ಬಲ್ಲವರು ಬಲ್ಲರು. ಆ ಕೊನೆಯಲ್ಲಿ ರವೀಂದ್ರ ಕಲಾಕ್ಷೇತ್ರ. ಅಲ್ಲಿ ನಾಟಕ, ಸಂಗೀತ. ಅದನ್ನು ದಾಟಿದೊಡನೆ ವಾಹನಗಳ ಬಿಡಿಭಾಗಗಳ ಬೇರೆಯೇ ಲೋಕ. ಕನ್ನಡಿ, ದೀಪ, ಹಾರನ್ನು, ರಬ್ಬರು ಹಾಸು, ಸುರುಳಿ ಸುತ್ತಿ ನಿಲ್ಲಿಸಿದ ಬಣ್ಣಬಣ್ಣದ ರೆಕ್ಸಿನ್ನು. ಪಕ್ಕದ ಗಲ್ಲಿಗಳಲ್ಲಿ ಹೊಲಿಗೆಯಂತ್ರಗಳ ಸದ್ದು, ಅಂಟಿನ ಘಾಟು. ರಸ್ತೆಗೆ ಯಾರ ಹೆಸರಿದೆಯೋ ಆ ಜಯಚಾಮರಾಜ ಒಡೆಯರೇ 1961ರಲ್ಲಿ ಮೈಸೂರಿನ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೋಟಾರು ಸೈಕಲ್ಲಿನ ಭಕ್ತರಿಗೆ ಇಂತಹ ನಂಟುಗಳು ಹೇಗೋ ನೆನಪಾಗುತ್ತವೆ, ಓದುಗರು ಕ್ಷಮಿಸಬೇಕು.

ನಾಲ್ಕಾರು ಅಂಗಡಿಗಳಲ್ಲಿ ನಮಗೆ ತೋರಿಸಿದ್ದು ಅದೇ ಉಬ್ಬಿದ ಸೀಟುಗಳನ್ನು. ಕೊನೆಗೆ ಗಲ್ಲಿಯೊಂದರ ಕುಷನ್ ಕೆಲಸದ ಮಳಿಗೆಯಲ್ಲಿ ವಯಸ್ಸಾದ ಸಾಹೇಬರೊಬ್ಬರು ನಮ್ಮ ಗೋಣಿಚೀಲವನ್ನು ಬಿಚ್ಚಿಸಿದರು. ಸ್ಪಂಜಿನೊಳಕ್ಕೆ ಮುಷ್ಟಿಯನ್ನೂರಿ ತಗಡನ್ನು ಮುಟ್ಟಿಸಿದರು. "ಬೆರಳಿಗೆ ಮೆತ್ತಗಿರೋದು ಬೇರೆ, ಮೈಭಾರಕ್ಕೆ ತಡೆಯೋದು ಬೇರೆ, ಸ್ವಾಮಿ" ಎಂದರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕುಳಿತಾಗ ನಮ್ಮ ಭಾರದ ಬಹುಪಾಲು ಪೃಷ್ಠದ ಅಡಿಯ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಸೀಟು ಆ ಎರಡಕ್ಕೂ ಆಧಾರ ಕೊಡುವಷ್ಟು ಅಗಲವಿರಬೇಕು. ಹೆಂಗಸರಲ್ಲಿ ಆ ಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚು. ಮೃದುವಾದ ಫೋಮು ಹತ್ತು ನಿಮಿಷ ಸುಖ ಕೊಟ್ಟು ಕುಸಿಯುತ್ತದೆ. ಒತ್ತೊತ್ತಾದ ಫೋಮು ಮೊದಲು ಗಡುಸೆನಿಸಿದರೂ ಗಂಟೆಗಟ್ಟಲೆ ಎತ್ತಿಹಿಡಿಯುತ್ತದೆ. ಜೆಲ್ಲಿನ ಹಾಸು ಒತ್ತಡವನ್ನೇನೋ ಹಂಚೀತು, ಆದರೆ ಬಿಸಿಲಿನಲ್ಲಿ ನಿಲ್ಲಿಸಿದರೆ ಕಾದು ಸುಡುತ್ತದೆ. ನಮ್ಮ ಬಯಲುಸೀಮೆಗೆ ಹೇಳಿಸಿದ್ದಲ್ಲ. ಸವಾರನ ಸೀಟಿನ ಮುಂಭಾಗ ಕಿರಿದಾಗಿರಬೇಕು, ಇಲ್ಲವಾದರೆ ನಿಂತಾಗ ಪಾದಗಳು ನೆಲಕ್ಕೆ ಎಟುಕುವುದಿಲ್ಲ. ಹಿಂದಿನವರ ಸೀಟನ್ನು ಮಿತಿಮೀರಿ ಎತ್ತರಿಸಿದರೆ ಗಾಡಿ ತೂಗಾಡುತ್ತದೆ. ಹೊದಿಕೆಯ ಹೊಲಿಗೆ ಕೂರುವ ಜಾಗದಲ್ಲಿ ಬಂದರೆ ಮಳೆಯ ನೀರು ಅದರೊಳಗಿಂದಲೇ ಇಳಿದು ಫೋಮನ್ನು ನೆನೆಸುತ್ತದೆ.

ಬಳಿಕ ರಟ್ಟಿನ ತುಂಡೊಂದನ್ನು ಮರದ ಸ್ಟೂಲಿನ ಮೇಲಿಟ್ಟು, "ಅಮ್ಮಾ, ಇದರ ಮೇಲೆ ಸ್ವಲ್ಪ ಹೊತ್ತು ಕೂತಿರಿ" ಎಂದು ಹೇಳಿ ಬೀದಿಯ ಕಡೆಗೆ ಮುಖ ತಿರುಗಿಸಿ ನಿಂತರು. ಆಕೆ ಎದ್ದಾಗ ರಟ್ಟಿನಲ್ಲಿ ಎರಡು ಕುಳಿಗಳು ಮೂಡಿದ್ದವು. ಅವುಗಳ ನಡುವಣ ಅಂತರವೇ ಅವರಿಗೆ ಬೇಕಾದ ಅಳತೆ.

ಆಮೇಲೆ ಅವರು ಸಂಕೋಚದಿಂದಲೇ ಕೇಳಿದರು: "ಅಮ್ಮ ಒಂದೇ ಕಡೆ ಕಾಲು ಹಾಕಿ ಕೂರ್ತಾರಾ?"

ಸೀರೆಯುಟ್ಟ ಹೆಂಗಸು ಬೇರೆ ಹೇಗೆ ಕೂತಾಳು? ಹಾಗೆ ಕುಳಿತರೆ ನಡು ತಿರುಚಿಯೇ ಇರುತ್ತದೆ, ಭಾರ ಒಂದು ಮಗ್ಗುಲಿಗೇ ಬೀಳುತ್ತದೆ, ಯಾವ ಸೀಟೂ ಅದನ್ನು ಸರಿಪಡಿಸಲಾರದು ಎಂದರು. ವೈದ್ಯರ "ಕೂರುವ ರೀತಿ" ಎಂಬ ಮಾತಿನ ಅರ್ಥ ಆಗ ನಮಗೆ ಹೊಳೆಯಿತು. ಹಿಂಬದಿ ಸವಾರರಿಗೆ ಹಿಡಿಕೆ, ಪಾದಗಳಿಗೆ ಆಧಾರ, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇನೋ ವಿಧಿಸಿವೆ. ಸೆರಗು ಸಿಕ್ಕಿಕೊಳ್ಳದಂತೆ ಅದು ಕಾಪಾಡೀತು, ಬೆನ್ನುಮೂಳೆಯನ್ನು ಕಾಪಾಡದು.

ಮರಳುವಾಗ ರೈಲಿನಲ್ಲಿ ಆಕೆ ಬಹಳ ಹೊತ್ತು ಸುಮ್ಮನಿದ್ದಳು. "ರೀ, ಮಗಳ ಚೂಡಿದಾರ ಹಾಕಿಕೊಂಡು ಅಮ್ಮನ ಎದುರಿಗೆ ಹೇಗೆ ನಿಲ್ಲಲಿ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಸೊಂಟನೋವಿಗಿಂತ ಇದೇ ದೊಡ್ಡ ತೊಡಕೆಂದು ಆ ಕ್ಷಣ ತೋರಿತು.

ಹತ್ತು ದಿನಗಳ ಬಳಿಕ ಸೀಟು ಕೈಸೇರಿತು. ಹೊಸದರ ಅರ್ಧ ಬೆಲೆಯೂ ಆಗಲಿಲ್ಲ. ಸಾಹೇಬರ ಅಪ್ಪಣೆಯಂತೆ ಮೊದಲು ದೇವರಾಯನದುರ್ಗಕ್ಕೆ ಹೋದೆವು. ಬೆಟ್ಟ ಇಳಿಯುವಾಗ ಆಕೆ ಜಾರಿ ಜಾರಿ ನನ್ನ ಬೆನ್ನಿಗೊರಗುತ್ತಿದ್ದಳು. ಸೀಟು ಮುಂದಕ್ಕೆ ವಾಲಿದೆಯೆಂದು ಗೊತ್ತಾಗಿ, ಪುನಃ ಬೆಂಗಳೂರಿಗೆ ಒಯ್ದೆ. ಸಾಹೇಬರು ಹೊದಿಕೆ ಬಿಚ್ಚಿ ಅರ್ಧ ಅಂಗುಲದಷ್ಟು ಫೋಮನ್ನು ಕೆತ್ತಿ ಸಮ ಮಾಡಿದರು, ಕಾಸು ಕೇಳಲಿಲ್ಲ.

ಅನಂತರದ ಭಾನುವಾರ ಚಿತ್ರದುರ್ಗಕ್ಕೆ ಹೊರಟೆವು. ಮಗಳ ನೀಲಿ ಚೂಡಿದಾರ, ಮೇಲೊಂದು ದೊಡ್ಡ ವೇಲು. ಶಿರಾದಲ್ಲಿ ಇಳಿದು ಅಡ್ಡಾಡಿದೆವು. ಹಿರಿಯೂರಿನಲ್ಲಿ ಗಾಡಿ ನಿಧಾನ ಮಾಡಿದೆ. "ಯಾಕೆ ನಿಲ್ಲಿಸುತ್ತೀರಿ? ನಡೆಯಿರಿ" ಎಂದಳು.

ಅತ್ತೆಯವರನ್ನು ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. "ನೆಟ್ಟಗೆ ನಿಂತಿದೀಯಲ್ಲೇ ಇವತ್ತು" ಎಂದು ಅವಳ ಕೈಹಿಡಿದು ಮೇಲೆದ್ದು, ಮೆಲ್ಲನೆ ಗಾಡಿಯ ಬಳಿಗೆ ಬಂದು, ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಏನಪ್ಪಾ, ಇಷ್ಟು ಗಟ್ಟಿ ಇದೆ! ಇನ್ನೂ ಮೆತ್ತಗಿರೋದು ಸಿಗಲಿಲ್ಲವೇ?" ಎಂದರು.