ಸ್ಪೀಕರಿಗೆ ಕಣ್ಣಿಲ್ಲ

ನಮ್ಮ ಕಡೆ ಆಟ ಅಂದರೆ ಸದ್ದು ಇರಲೇಬೇಕು. ಸದ್ದಿಲ್ಲದ್ದನ್ನು ನಮ್ಮ ಜನ ಆಟ ಅಂತ ಒಪ್ಪುವುದಿಲ್ಲ. ಹೈಸ್ಕೂಲಿನಲ್ಲಿ ಒಮ್ಮೆ ಚೆಸ್ ಪಂದ್ಯ ನಡೆದಿತ್ತು. ಕಿಟಕಿಯಿಂದ ಇಣುಕಿದ ಹಿರಿಯರೊಬ್ಬರು, "ಪರೀಕ್ಷಾ ನಡದೈತಿ, ಗದ್ದಲ ಮಾಡಬ್ಯಾಡ್ರಿ" ಎಂದು ಹೊರಗಿದ್ದ ಹುಡುಗರನ್ನೆಲ್ಲ ಓಡಿಸಿಬಿಟ್ಟರು.

ಟೆನಿಸ್ ಬಾಲ್ ಕ್ರಿಕೆಟ್ಟನ್ನೇ ನೋಡಿ. ಸಿಕ್ಸರ್ ಹೋದರೆ ಡಿ.ಜೆ.ಯವನು ಹತ್ತು ಸೆಕೆಂಡು ಹಾಡು ಬಿಡಬೇಕು. ವಿಕೆಟ್ ಬಿದ್ದರೆ ಅಳುವ ಹಾಡು. ವೈಡ್‌ಗೂ ಬೇರೆ ಹಾಡಿದೆ. ನಾನು ವರದಿ ಮಾಡಲು ಹೋದ ಒಂದು ಫೈನಲ್‌ನಲ್ಲಿ ಬೌಲರ್ ಒಂದೇ ಓವರಿನಲ್ಲಿ ಆರು ವೈಡ್ ಹಾಕಿದ. ಪುಣ್ಯಾತ್ಮ, ಇಡೀ ಹಾಡನ್ನು ಕೇಳಿಸಿಬಿಟ್ಟ.

ಕಬಡ್ಡಿಯಲ್ಲಂತೂ ಆಟಗಾರನೇ ಹಾಡುಗಾರ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋಗಿ ಬರಬೇಕು. ನಮ್ಮ ಅಪ್ಪನ ಓರಗೆಯವರು ಇದನ್ನೇ ಹುತುತು ಅನ್ನುತ್ತಿದ್ದರು. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದಮೇಲೆ ನಮ್ಮ ಹುಡುಗರ ಕಣ್ಣೆಲ್ಲ 30 ಸೆಕೆಂಡಿನ ಗಡಿಯಾರದ ಮೇಲೆ. ಈಗ ತುಟಿ ಮಾತ್ರ ಅಲ್ಲಾಡುತ್ತದೆ. ಕಬಡ್ಡಿ ಅನ್ನುತ್ತಿದ್ದಾನೋ, ಬಾಯಲ್ಲಿ ಉಳಿದ ಶೇಂಗಾ ಅಗಿಯುತ್ತಿದ್ದಾನೋ, ಅಂಪೈರಿಗೆ ದೇವರೇ ಗತಿ.

2025ರ ಜೂನ್ 3ರ ರಾತ್ರಿ ನೆನಪಿದೆಯಲ್ಲ? ಆರ್‌ಸಿಬಿ 18ನೇ ಸಲಕ್ಕೆ ಕಪ್ ಗೆದ್ದ ರಾತ್ರಿ. ನಮ್ಮೂರಲ್ಲಿ ಪಟಾಕಿ ಇತ್ತು, ಗುಲಾಲು ಇತ್ತು, ಕುಣಿಯುವ ಹುಡುಗರಿದ್ದರು. ಡಿ.ಜೆ.ಯವನು ಮಾತ್ರ ಮಲಗಿಬಿಟ್ಟಿದ್ದ. ಎಬ್ಬಿಸಲು ಹೋದವರಿಗೆ ಅವನ ಹೆಂಡತಿ ಬೈದು ಕಳಿಸಿದಳು. ಆಗ ಹೊರಗೆ ಬಂದದ್ದು ಹಲಗಿ. ಅಗಸಿಯ ಮುಂದೆ ಎರಡು ಹಲಗಿ, ನೂರು ಜನ, ರಾತ್ರಿ ಒಂದು ಗಂಟೆಯವರೆಗೆ. ಮರುದಿನ ಸಂಜೆ ಬೆಂಗಳೂರಿನಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತ ಸುದ್ದಿ ಬಂತು. ಅದೇ ಅಗಸಿಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಇಷ್ಟೆಲ್ಲ ಹೇಳಿದ್ದು ಹಲಗಿಯ ವಿಷಯಕ್ಕೆ ಬರಲಿಕ್ಕೆ. ಬೆಂಗಳೂರು, ಮೈಸೂರಿನ ಕಡೆಯವರು ತಮಟೆ ಅನ್ನುತ್ತಾರಲ್ಲ, ಅದರ ಅಣ್ಣತಮ್ಮ ಇದು. ದುಂಡನೆಯ ಬಳೆ, ಅದಕ್ಕೆ ಬಿಗಿದ ಚರ್ಮ. ಒಂದು ಕೈಯಲ್ಲಿ ತೆಳ್ಳಗಿನ ಉದ್ದ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು. ಬಾರಿಸುವ ಮೊದಲು ನಾಲ್ಕು ಹಿಡಿ ಸೊಪ್ಪಿ ಸುಟ್ಟು ಕಾಯಿಸಬೇಕು. ಚರ್ಮ ಬಿಗಿದ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ಸಾಕು, ಪಕ್ಕದ ಓಣಿಯ ಹುಡುಗರು ಓಡಿ ಬರುತ್ತಾರೆ. ಈಗ ಪ್ಲಾಸ್ಟಿಕ್ ಹಾಳೆಯ ಹಲಗಿಯೂ ಬಂದಿದೆ. ಅದಕ್ಕೆ ಬೆಂಕಿ ಬೇಡ, ಮಳೆಗೂ ಹೆದರುವುದಿಲ್ಲ. "ಸದ್ದು ಐತಿ, ದನಿ ಇಲ್ಲ" ಅನ್ನುತ್ತಾರೆ ನಮ್ಮೂರ ಹಲಗಿ ಕಾಕಾ.

ಒಂದು ಲೆಕ್ಕದಲ್ಲಿ ಈ ಕಾಕಾ ನನ್ನ ವೃತ್ತಿಯ ಹಿರಿಯರು. ಹಿಂದೆ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಡಂಗುರ. ಸಂತೆ ಮುಂದಕ್ಕೆ ಹೋದದ್ದು, ಕಂದಾಯ ಕಟ್ಟಬೇಕಾದದ್ದು, ಕೆರೆಯ ನೀರು ಬಿಡುವುದು, ಎಲ್ಲವನ್ನೂ ಹಲಗಿ ಬಡಿದು ಓಣಿ ಓಣಿಯಲ್ಲಿ ಕೂಗಬೇಕಿತ್ತು. ನಾನು ಜರ್ನಲಿಸಂ ಡಿಪ್ಲೊಮಾ ಮಾಡಿ ಕಲಿತದ್ದನ್ನು ಅವರು ಶಾಲೆಗೆ ಹೋಗದೇ ಮಾಡಿದ್ದರು. ಚಿಕ್ಕದಾಗಿ ಹೇಳು, ಗಟ್ಟಿಯಾಗಿ ಹೇಳು, ಯಾವಾಗ ಎಲ್ಲಿ ಎಂಬುದನ್ನು ಬಿಡಬೇಡ. ಇನ್ನೊಂದು ವಿಷಯದಲ್ಲೂ ನಾವಿಬ್ಬರೂ ಒಂದೇ: ಸಂಬಳ ಇಬ್ಬರಿಗೂ ಸರಿಯಾಗಿ ಬಂದಿಲ್ಲ.

ಹಲಗಿಯ ನಿಜವಾದ ವಿದ್ಯೆ ನೋಡಬೇಕಾದರೆ ಜಂಗಿ ನಿಕಾಲಿ ಕುಸ್ತಿಗೆ ಬರಬೇಕು. ಹಾವೇರಿ, ಧಾರವಾಡ, ಬೆಳಗಾವಿ ಕಡೆ ಜಾತ್ರೆಯ ಕುಸ್ತಿಗೆ ಹಲಗಿ ಇರಲೇಬೇಕು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದಲ್ಲೂ ಹಲಗಿಯ ಸದ್ದಿಗೇ ಪೈಲ್ವಾನರು ಮಣ್ಣಿಗಿಳಿಯುತ್ತಾರೆ. ಮ್ಯಾಟ್ ಕುಸ್ತಿಯ ಲೆಕ್ಕ ಬೇರೆ. ಅಲ್ಲಿ ಮೂರು ನಿಮಿಷದ ಎರಡು ಸುತ್ತು, ಗಡಿಯಾರ, ಸೀಟಿ. ಅದನ್ನು ನಾನು ಹಗುರ ಮಾಡುತ್ತಿಲ್ಲ. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು ಮ್ಯಾಟಿನ ಮೇಲೆಯೇ. ಆದರೆ ಮಣ್ಣಿನ ಕುಸ್ತಿಗೆ ಗಡಿಯಾರ ಹಲಗಿಯೇ.

ಪೈಲ್ವಾನರು ಕೈ ಕೈ ಹಿಡಿದು ಒಬ್ಬರನ್ನೊಬ್ಬರು ತೂಗಿ ನೋಡುವಾಗ ಹಲಗಿ ನಿಧಾನ. ಒಬ್ಬ ಬಗ್ಗಿ ತೊಡೆಗೆ ಕೈ ಹಾಕಿದ ಎಂದರೆ ಬಡಿತ ಚುರುಕಾಗುತ್ತದೆ. ಇಬ್ಬರೂ ಸುಮ್ಮನೆ ಹೊತ್ತು ಕಳೆಯುತ್ತಿದ್ದರೆ ಹಲಗಿಯವರು ಅಖಾಡದ ಅಂಚಿಗೆ ಬಂದು, ಅವರ ಕಿವಿಯ ಹತ್ತಿರವೇ ಬಾರಿಸುತ್ತಾರೆ. ಅದು ಬೈಗಳೇ, ಕೋಲಿನ ಭಾಷೆಯಲ್ಲಿ. ಬೆನ್ನು ಮಣ್ಣಿಗೆ ಹತ್ತುವ ಗಳಿಗೆಯಲ್ಲಿ ಹಲಗಿ ಗಪ್ ಎಂದು ನಿಲ್ಲುತ್ತದೆ. ಜನ ಉಸಿರು ಬಿಡುವುದರೊಳಗೆ ಮತ್ತೆ ಸಿಡಿಯುತ್ತದೆ. ಇದನ್ನೆಲ್ಲ ಬಾರಿಸುವವರು ಕೋಲು ನೋಡಿಕೊಂಡು ಮಾಡುವುದಿಲ್ಲ. ಅವರ ಕಣ್ಣು ಪೈಲ್ವಾನರ ಕಾಲಿನ ಮೇಲೆ ಇರುತ್ತದೆ. "ಕೈ ಸುಳ್ಳ ಹೇಳತಾವು, ಕಾಲು ಹೇಳೂದಿಲ್ಲ" ಎಂದು ಕಾಕಾ ನನಗೆ ಒಮ್ಮೆ ಹೇಳಿದ್ದರು.

ಹೋದ ವರ್ಷ ಜಾತ್ರಾ ಕಮಿಟಿಯ ಸಭೆಯಲ್ಲಿ ಖರ್ಚಿನ ಪಟ್ಟಿ ಓದಿದರು. ಪೆಂಡಾಲಿಗೆ ಇಷ್ಟು, ನಾಟಕಕ್ಕೆ ಇಷ್ಟು, ಅತಿಥಿಗಳ ಶಾಲಿಗೆ ಇಷ್ಟು. ನಾಲ್ಕು ಹಲಗಿಗೆ ಒಂದು ಸಂಜೆಗೆ 3,000 ಎಂದಾಗ ಮಾತ್ರ ಎಲ್ಲರಿಗೂ ಒಮ್ಮೆಲೇ ಮಿತವ್ಯಯ ನೆನಪಾಯಿತು. ಹೊಸದಾಗಿ ಕಮಿಟಿ ಸೇರಿದ ಹುಡುಗನೊಬ್ಬ ಜೇಬಿನಿಂದ ಫೋನು ತೆಗೆದ. "ಹಲಗಿ ಇದರಾಗ ಐತ್ರಿ, ಪುಕ್ಕಟೆ. ನಾಟಕದ ಸ್ಪೀಕರ್ ಹೆಂಗೂ ಬಂದಿರತಾವು." ಎಲ್ಲರೂ ಹೌದೌದು ಅಂದರು. ಶಾಲಿನ ಲೆಕ್ಕವನ್ನು ಯಾರೂ ಮುಟ್ಟಲಿಲ್ಲ.

ಕುಸ್ತಿಯ ದಿನ ನಾನು ನೋಟ್‌ಬುಕ್ ಹಿಡಿದು ಹೋದಾಗ ಕಾಕಾ ಜನರ ನಡುವೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು.

"ಯಾಕ್ರಿ ಕಾಕಾ, ಈ ಸಲ ಬಾರಸೂದಿಲ್ಲೇನು?"

"ಕರದಿಲ್ಲೋ ತಮ್ಮಾ. ಈ ವರ್ಷ ನಾನೂ ಪ್ರೇಕ್ಷಕ. ಬಾ, ಮಿರ್ಚಿ ತಿನ್ನು."

ಮೊದಲಿಗೆ ತೆಂಗಿನಕಾಯಿಯ ಕುಸ್ತಿ. ಸಣ್ಣ ಹುಡುಗರು, ಗೆದ್ದವನಿಗೆ ಒಂದು ಕಾಯಿ. ಸ್ಪೀಕರಿನಲ್ಲಿ ಹಲಗಿ ಶುರುವಾಯಿತು. ಸದ್ದೇನೋ ಭರ್ಜರಿ. ಆದರೆ ಹುಡುಗರು ಇನ್ನೂ ಚಡ್ಡಿ ಸರಿಮಾಡಿಕೊಳ್ಳುವಾಗಲೇ ಅದು ಫೈನಲ್‌ನ ವೇಗಕ್ಕೆ ಹೋಗಿತ್ತು. ಒಬ್ಬ ಹುಡುಗ ನಿಜವಾಗಿ ಎತ್ತಿ ಹಾಕುವ ಹೊತ್ತಿಗೆ ಅದು ತಣ್ಣಗಾಗಿ, ಯಾರದೋ ಮದುವೆ ಮೆರವಣಿಗೆಯಂತೆ ನಡೆಯುತ್ತಿತ್ತು.

ದೊಡ್ಡ ಜೋಡಿ ಇಳಿದಾಗ ನಿಜವಾದ ತಮಾಷೆ ಆಯಿತು. ಒಬ್ಬ ಪೈಲ್ವಾನ ಎದುರಾಳಿಯ ಸೊಂಟಕ್ಕೆ ಕೈ ಹಾಕಿದ. ಜನ ಎದ್ದು ನಿಂತರು. ಅಷ್ಟರಲ್ಲಿ ಹಲಗಿ ನಿಂತು, ಹೆಣ್ಣುದನಿಯೊಂದು ಇಡೀ ಮೈದಾನವನ್ನು ಕೇಳಿತು: "ನಿಮಗೆ ತುರ್ತು ಸಾಲ ಬೇಕೆ?"

"ಬೇಕ್ರಿ!" ಎಂದು ಹಿಂದಿನಿಂದ ಹತ್ತಾರು ಜನ ಕೂಗಿದರು.

ಜಾಹೀರಾತು ಮುಗಿದು ಮತ್ತೆ ಹಲಗಿ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಹುಡುಗನಿಗೆ ಕರೆ ಬಂತು. ಗಡಿಬಿಡಿಯಲ್ಲಿ ಕೆಂಪು ಗುಂಡಿ ಬಿಟ್ಟು ಹಸಿರು ಒತ್ತಿದ. ನಾಲ್ಕು ದಿಕ್ಕಿನ ಸ್ಪೀಕರಿನಿಂದ ಅವನ ಅವ್ವನ ದನಿ: "ಎಲ್ಲಿ ಹಾಳಾಗಿ ಹೋಗೀಯೋ? ಎಮ್ಮಿ ಹಿಂಡೂ ಹೊತ್ತಾತು!" ಅಖಾಡದಲ್ಲಿದ್ದ ಇಬ್ಬರೂ ನಗು ತಡೆಯಲಾರದೆ ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ನಿಂತುಬಿಟ್ಟರು. ಪಂಚರು ಅದನ್ನು ಸಮಬಲ ಎಂದು ಘೋಷಿಸಿದರು. ಬೇರೆ ದಾರಿಯೇ ಇರಲಿಲ್ಲ.

ಕೊನೆಯ ಕುಸ್ತಿಗೆ ಬಂದಿದ್ದ ಪೈಲ್ವಾನ ಮಾತ್ರ ನಗಲಿಲ್ಲ. ಬೆಳಗಾವಿ ಕಡೆಯ ಗರಡಿಯವನು. ಮೈಗೆ ಮಣ್ಣು ಹಾಕಿಕೊಂಡು ನಿಂತವನು ಕಮಿಟಿಯವರಿಗೆ ಹೇಳಿದ: "ಹಲಗಿ ಕರಸ್ರಿ. ಇಲ್ಲಂದ್ರ ನಾ ಕೈ ಕೊಡೂದಿಲ್ಲ."

ಮೈಕಿನಲ್ಲಿ ಕಾಕಾನನ್ನು ಕರೆದರು. ಕಾಕಾ ಅವಸರ ಮಾಡಲಿಲ್ಲ. ಉಳಿದ ಮಿರ್ಚಿ ತಿಂದು, ಕೈ ಒರೆಸಿಕೊಂಡು, ವೇದಿಕೆಯ ಹತ್ತಿರ ಹೋದರು. ಮೈಕು ಹಾಗೇ ಚಾಲೂ ಇತ್ತು. ಆದ್ದರಿಂದ ಮುಂದಿನ ಮಾತುಕತೆಯನ್ನು ಇಡೀ ಊರು ಕೇಳಿತು.

"ಹೋದ ವರ್ಷದ್ದು 500 ಬಾಕಿ ಐತ್ರಿ. ಮೊದಲ ಅದನ್ನ ಕೊಡ್ರಿ."

ಅಧ್ಯಕ್ಷರು ಸುತ್ತ ನೋಡಿದರು. ಜೇಬಿಗೆ ಕೈ ಹಾಕಿದರು. ಕೊಟ್ಟರು.

"ಈ ವರ್ಷದ್ದು 3,000, ಈಗ."

ಅದನ್ನೂ ಕೊಟ್ಟರು.

"ಇನ್ನೊಂದ್ ಮಾತು. 51 ರೂಪಾಯಿ ಕೊಟ್ಟವರ ಹೆಸರು ಮೂರ್ ಮೂರ್ ಸಲ ಹೇಳಾಕತ್ತೀರಿ. ನಮ್ಮ ನಾಕೂ ಮಂದಿ ಹೆಸರು ಒಂದ್ ಸಲ ಹೇಳ್ರಿ."

ಮೈಕಿನವನು ಬಾಯಿ ತೆರೆದು ನಿಂತುಬಿಟ್ಟ. ಅವನಿಗೆ ಕಾಕಾನ ಪೂರ್ತಿ ಹೆಸರು ಗೊತ್ತಿರಲಿಲ್ಲ. ಒಂದೇ ಊರು, ಅವನು ಹುಟ್ಟಿದಾಗಿನಿಂದ ಕೇಳಿದ ಹಲಗಿ, ಅವನ ಮದುವೆಯಲ್ಲೂ ಬಾರಿಸಿದ ಹಲಗಿ. ಮೈಕಿಗೆ ಕೈ ಅಡ್ಡ ಹಿಡಿದು ಕೇಳಿ, ಚೀಟಿಯ ಮೇಲೆ ಬರೆದುಕೊಂಡು, ನಂತರ ಓದಿದ. ಹೆಸರು, ತಂದೆಯ ಹೆಸರು, ಅಡ್ಡಹೆಸರು. ಕೊನೆಗೆ "ಅವರು" ಎಂದೂ ಸೇರಿಸಿದ. ಆ "ಅವರು" ನಮ್ಮೂರ ಮೈಕಿನಲ್ಲಿ ಆ ಕೇರಿಯವರೊಬ್ಬರಿಗೆ ಸಿಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲಿನ ಕುಸ್ತಿ ಹದಿನೆಂಟು ನಿಮಿಷ ನಡೆಯಿತು. ಅದನ್ನು ಬರೆದು ಹೇಳಲು ಆಗುವುದಿಲ್ಲ. ಬೆಳಗಾವಿಯವನು ಗೆದ್ದ, ಬೆಳ್ಳಿ ಗದೆ ಎತ್ತಿದ. ಗದೆ ಎತ್ತಿಕೊಂಡೇ ಹಲಗಿಯವರ ಹತ್ತಿರ ಹೋಗಿ, ಇನಾಮಿನಿಂದ ಒಂದು ನೋಟು ತೆಗೆದು ಕಾಕಾನ ಹಲಗಿಯ ಮೇಲಿಟ್ಟು ಕೈ ಮುಗಿದ.

ನಮ್ಮ ವರದಿಯ ಲೋಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕುಸ್ತಿಯ ಸುದ್ದಿಗೆ ಸಿಗುವುದು ಒಂದು ಸಣ್ಣ ಜಾಗ. ಅದರಲ್ಲಿ ಅರ್ಧ ಅತಿಥಿಗಳ ಹೆಸರಿಗೇ ಹೋಗುತ್ತದೆ. ಒಬ್ಬರ ಹೆಸರು ಬಿಟ್ಟರೂ ಬೆಳಗ್ಗೆ ಆರಕ್ಕೆ ಫೋನು. ಉಳಿದದ್ದರಲ್ಲಿ ಗೆದ್ದವರು, ಸೋತವರು. ನಾನು ಕಳಿಸುವ ಪ್ರತಿಯಲ್ಲಿ ಹಲಗಿಯವರ ಹೆಸರು ಇರುತ್ತದೆ, ಅಚ್ಚಾಗಿ ಬರುವಾಗ ಇರುವುದಿಲ್ಲ. ದೀಪಾವಳಿಯ ಮೇಲೆ ನಮ್ಮ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಕೊಬ್ಬರಿ ಕಟ್ಟಿಕೊಂಡು ಓಡುವ ಹೋರಿಯ ಹೆಸರು ಬಿರುದು ಸಮೇತ ಅಚ್ಚಾಗುತ್ತದೆ. ಮುಂದೆ ಹಲಗಿ ಬಾರಿಸಿದ ಮನುಷ್ಯನ ಹೆಸರಿಗೆ ಜಾಗ ಇಲ್ಲ.

ಕಾಕಾನ ಮಗ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಹಲಗಿ ಮುಟ್ಟುವುದಿಲ್ಲ. ಅವನ ಸಿಟ್ಟಿಗೆ ಕಾರಣ ಇದೆ. ಅವನ ಅಜ್ಜ ಬಿಟ್ಟಿ ಚಾಕರಿ ಎಂದು ಬಾರಿಸಿದವರು. ಮದುವೆಗೂ ಸಾವಿಗೂ ಕರೆದಾಗ ಹೋಗಬೇಕು, ಕೊಟ್ಟದ್ದು ತಿನ್ನಬೇಕು, ದೂರ ಕೂರಬೇಕು. "ಆ ಹಲಗಿ ಯಾಕ ಬೇಕ್ರಿ ನಮಗ?" ಎಂದು ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಕಾಕಾನ ಹತ್ತಿರ ಇದೆ: "ಬಾರಸೂದು ನಾಚಿಕಿ ಅಲ್ಲೋ. ಪುಕ್ಕಟೆ ಬಾರಸೂದು ನಾಚಿಕಿ." ಇಬ್ಬರೂ ಅವರವರ ಮಾತಿನಲ್ಲಿ ಸರಿ ಎಂದೇ ನನಗೆ ಅನ್ನಿಸುತ್ತದೆ. ಮಗ ಜಾತ್ರೆಗೆ ಬಂದಿದ್ದ. ಮೈಕಿನಲ್ಲಿ ಅಪ್ಪನ ಹೆಸರು ಬಂದಾಗ ಫೋನೆತ್ತಿ ವಿಡಿಯೊ ಮಾಡಿದ. ಹಲಗಿ ಮಾತ್ರ ಮುಟ್ಟಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಕಾಕಾನಿಗೆ ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ಫೋಟೊ ನೋಡಿದರು. ನಂತರ ಕೇಳಿದರು: "ದಿಲ್ಲಿಗೆ ಹೋಗಾಕ ಗಾಡಿ ಖರ್ಚು ಯಾರು ಕೊಟ್ರಂತ?" ಬಾಕಿ ಉಳಿದ ಅನುಭವ ಇದ್ದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ.

ಇದನ್ನು ಬರೆಯುತ್ತೇನೆ, ಹೆಸರು ಹಾಕಲೇ ಎಂದು ಕೇಳಿದ್ದೆ. "ಫೋನಿನ್ಯಾಗ ಬ್ಯಾಡ. ಪೇಪರಿನ್ಯಾಗ ಬಂದ್ರ ಹೇಳು" ಅಂದರು. ಅದಕ್ಕೇ ಇಲ್ಲಿ ಬರೀ ಕಾಕಾ.

ಈ ವರ್ಷದ ಜಾತ್ರೆಯ ಕರಪತ್ರ ಹೋದ ವಾರ ಬಂತು. ಮೇಲೆ ದೇವರು, ಕೆಳಗೆ ಸ್ವಾಮಿಗಳು, ಅವರ ಕೆಳಗೆ ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗುವವರು. ಎಲ್ಲರ ಕೆಳಗೆ, ಪ್ರೆಸ್ಸಿನ ಹೆಸರಿಗಿಂತ ಒಂದು ಸಾಲು ಮೇಲೆ, "ಹಲಗಿ ವಾದನ" ಎಂದು ಬರೆದು ನಾಲ್ಕು ಹೆಸರು ಹಾಕಿದ್ದಾರೆ. ನಿಮ್ಮೂರಿನ ಕರಪತ್ರದಲ್ಲಿ ಆ ಸಾಲು ಇದೆಯೇ, ಒಮ್ಮೆ ತೆಗೆದು ನೋಡಿ. ನಮ್ಮ ಕಾಕಾ ಓದು ಬಾರದವರು, ಮೊಮ್ಮಗಳಿಂದ ಓದಿಸಿಕೊಂಡರು. ಅವಳು ಐದನೇ ಇಯತ್ತೆ. ಅಡ್ಡಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಹಿಡಿದಳಂತೆ.

ಕಾಕಾ ಅದೇ ಸಂಜೆ ಕರಪತ್ರ ಹಿಡಿದುಕೊಂಡು ಅಧ್ಯಕ್ಷರ ಮನೆಗೆ ಹೋಗಿದ್ದಾರೆ, ಮುಂದಿನ ವರ್ಷ ಸರಿ ಮಾಡಿ ಹಾಕಿಸಿರಿ ಎಂದು ಹೇಳಲಿಕ್ಕೆ.