ಬಿಡದೆ ಕೇಳುವವರ ನಡುವೆ: ಉದಗೀರದ ಟಿಪ್ಪಣಿಗಳು

ಗೊಂದಲ

ಮೊದಲು ಗೊಂದಲವನ್ನೇ ಬರೆದಿಟ್ಟುಕೊಳ್ಳುತ್ತೇನೆ. ದೇವರ ಮೇಲೆ ಪೂರ್ತಿ ಭರವಸೆ ಇಟ್ಟವರು ಒಂದು ಸಲ ಕೇಳಿ ಸುಮ್ಮನಿರಬೇಕಲ್ಲವೆ? ಕೇಳಿದ್ದನ್ನೇ ವಾರ ವಾರವೂ ಕೇಳುವುದಾದರೆ ಭರವಸೆ ಎಲ್ಲಿ ಉಳಿಯಿತು? ನಮ್ಮ ಗಲ್ಲಿಯ ಕ್ರೈಸ್ತ ಮನೆಗಳಲ್ಲಿ ಈ ಎರಡೂ ಒಟ್ಟಿಗೇ ಬಾಳುತ್ತಿವೆ. ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೆಂಗಸರು ಸೇರುತ್ತಾರೆ. ಗೋಡೆಗೆ ಗೋಡೆ ಹೊಂದಿಕೊಂಡ ಮನೆ, ದನಿ ನನಗೂ ಕೇಳುತ್ತದೆ. ಪುಣೆಗೆ ದುಡಿಯಲು ಹೋಗಿ ಕುಡಿತಕ್ಕೆ ಬಿದ್ದ ಒಬ್ಬ ಹುಡುಗನ ಹೆಸರು ಅಲ್ಲಿ ವರ್ಷಗಳಿಂದ ಬರುತ್ತಿದೆ. ಪ್ರಾರ್ಥನೆ ಮುಗಿಸಿ ಏಳುವ ಅವನ ತಾಯಿಯ ಮುಖದಲ್ಲಿ ಸೋತ ಕಳೆ ಇರುವುದಿಲ್ಲ. ಮುಂದಿನ ಶುಕ್ರವಾರ ಮತ್ತೆ ಅದೇ ಹೆಸರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದ ನಾನು ಇದನ್ನು ಹೊರಗೆ ನಿಂತು ನೋಡುವವನು. ಆದರೂ ಇದು ನನ್ನನ್ನು ಬಿಡುತ್ತಿಲ್ಲ.

ಊರು

1956ರವರೆಗೆ ಉದಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳು ಪುನರ್ವಿಂಗಡಣೆಯಾದಾಗ ಬೀದರ ಮೈಸೂರಿಗೆ ಹೋಯಿತು, ನಾವು ಮರಾಠವಾಡಾದೊಂದಿಗೆ ಮುಂಬಯಿಗೆ ಬಂದೆವು. ಮೊದಲು ಉಸ್ಮಾನಾಬಾದ್ ಜಿಲ್ಲೆ, 1982ರಿಂದ ಲಾತೂರು. ಗೆರೆ ಬಿದ್ದರೂ ಬೀಗತನ ನಿಲ್ಲಲಿಲ್ಲ. ಇಲ್ಲಿಯ ಕ್ರೈಸ್ತ ಮನೆಗಳ ಮದುವೆ, ಮಣ್ಣು ಇಂದಿಗೂ ಬೀದರದ ಮಂಗಲಪೇಟೆಯ ಕಡೆಗೇ ಹೆಚ್ಚು. ನವೆಂಬರ್ ಬಂತೆಂದರೆ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಮೆಥೊಡಿಸ್ಟರ ಜಾತ್ರೆ. ಮಕ್ಕಳುಮರಿ, ಹಾಸಿಗೆ, ಪಾತ್ರೆ ಸಮೇತ ಹೋಗಿ ಬಯಲಲ್ಲಿ ಡೇರೆ ಹಾಕಿ ದಿನಗಟ್ಟಲೆ ಪ್ರಾರ್ಥನೆಯಲ್ಲಿ ಕಳೆಯುತ್ತಾರೆ. ಹೋದ ವರ್ಷ ಬೇಡಿಕೊಂಡದ್ದು ಕೈಗೂಡಿದವರು ಕಾಣಿಕೆ ತರುತ್ತಾರೆ. ಕೈಗೂಡದವರೂ ಬರುತ್ತಾರೆ. ನನಗೆ ಕುತೂಹಲ ಈ ಎರಡನೆಯವರ ಬಗ್ಗೆ.

ಒಂದೇ ಪುಸ್ತಕ, ಎರಡು ಮಾತು

ಸತ್ಯವೇದವನ್ನು ತೆಗೆದು ನೋಡಿದೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಮಾತುಗಳನ್ನು ಪೇರಿಸಬೇಡಿರಿ ಎನ್ನುತ್ತಾನೆ. ಬೇಡುವ ಮುಂಚೆಯೇ ನಿಮಗೇನು ಬೇಕೆಂದು ತಂದೆಗೆ ಗೊತ್ತು ಎಂಬುದು ಅವನು ಕೊಡುವ ಕಾರಣ. ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ಅದೇ ಯೇಸು ಬೇಸರಗೊಳ್ಳದೆ ಸದಾ ಪ್ರಾರ್ಥಿಸಬೇಕು ಎಂದು ಕಲಿಸಲು ಒಂದು ಕಥೆ ಹೇಳುತ್ತಾನೆ. ದೇವರಿಗೂ ಹೆದರದ, ಜನರಿಗೂ ನಾಚದ ಒಬ್ಬ ನ್ಯಾಯಾಧೀಶ. ಅವನ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುವ ಒಬ್ಬ ವಿಧವೆ. ಕೊನೆಗೆ ಅವನು ನ್ಯಾಯ ಕೊಡುವುದು ಈಕೆಯ ಕಾಟ ತಪ್ಪಲಿ ಎಂದು.

ಹಾಗಾದರೆ ದೇವರೂ ಕಾಟಕ್ಕೆ ಮಣಿಯುವವನೆ? ಕಥೆ ಹಾಗೆ ಹೇಳುವುದಿಲ್ಲ. ಇಂಥ ಕೆಟ್ಟವನೇ ಕೊಟ್ಟನೆಂದ ಮೇಲೆ, ತನ್ನವರ ಮೇಲೆ ಮಮತೆಯುಳ್ಳ ದೇವರು ಕೊಡದೆ ಇರುತ್ತಾನೆಯೆ ಎಂಬುದು ಅದರ ವಾದ. ಆ ನ್ಯಾಯಾಧೀಶ ದೇವರನ್ನು ಹೋಲುವುದಿಲ್ಲ, ಅವನಿಗೆ ಎದುರಾಗಿ ನಿಂತಿದ್ದಾನೆ. ವಿಧವೆ ಮಾತ್ರ ಪ್ರಾರ್ಥಿಸುವವರನ್ನು ಪೂರ್ತಿ ಹೋಲುತ್ತಾಳೆ: ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಜನವಿಲ್ಲ, ಬರುವ ಕಾಲೊಂದಿದೆ. ನಿರಾಧಾರ ಯೋಜನೆಯ ತಿಂಗಳ ಹಣಕ್ಕಾಗಿ ತಾಲೂಕು ಕಚೇರಿಯ ಜಗಲಿಯಲ್ಲಿ ಕಾಗದದ ಚೀಲ ಹಿಡಿದು ಕೂತ ಮುದುಕಿಯರನ್ನು ನೋಡಿದವರಿಗೆ ಈಕೆಯ ಗುರುತು ಹತ್ತಲು ವ್ಯಾಖ್ಯಾನ ಬೇಕಿಲ್ಲ.

ಇಂದಿನ ರೊಟ್ಟಿ

ಲೂಕನ ಹನ್ನೊಂದನೆಯ ಅಧ್ಯಾಯದಲ್ಲಿ ಇನ್ನೊಂದು ಕಥೆ. ನಡುರಾತ್ರಿ ಗೆಳೆಯನ ಬಾಗಿಲು ತಟ್ಟಿ ಮೂರು ರೊಟ್ಟಿ ಸಾಲ ಕೇಳುವವನದು. ಅವನು ಕೇಳುವುದು ತನಗಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ ಅತಿಥಿಗೆ. ಈ ಕಥೆ ಬರುವುದು ಯೇಸು ಶಿಷ್ಯರಿಗೆ ಪ್ರಾರ್ಥನೆ ಕಲಿಸಿದ ಮರುಗಳಿಗೆ. ಆ ಪ್ರಾರ್ಥನೆಯಲ್ಲಿ ಕೇಳುವುದು ದಿನದ ಆಹಾರವನ್ನು. ವರ್ಷದ ಕಣಜವನ್ನಲ್ಲ. ಇಂದಿನದನ್ನಷ್ಟೇ ಕೇಳುವವರು ನಾಳೆ ಮತ್ತೆ ಕೇಳಲೇಬೇಕು. ಪುನಃ ಪುನಃ ಕೇಳುವುದು ಆ ಪ್ರಾರ್ಥನೆಯ ಕಟ್ಟಿನಲ್ಲೇ ಇದೆ. ಮತ್ತಾಯನಲ್ಲಿಯೂ ಮಾತು ಪೇರಿಸಬೇಡಿರಿ ಎಂದ ಬೆನ್ನಿಗೇ ಬರುವುದು ಇದೇ ಪ್ರಾರ್ಥನೆ. ಅಲ್ಲಿ ಬೇಡವೆಂದದ್ದು ಹೆಚ್ಚು ಮಾತಿನಿಂದ ದೇವರನ್ನು ಗೆಲ್ಲಬಹುದೆಂಬ ಎಣಿಕೆಯನ್ನು. ಎರಡು ಮಾತುಗಳ ಜಗಳ ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ.

ಮಾವಶಿಯ ಉತ್ತರ

ಪ್ರಾರ್ಥನೆ ನಡೆಸುವ ಹಿರಿಯ ಹೆಂಗಸನ್ನು ಗಲ್ಲಿಯವರೆಲ್ಲ ಮಾವಶಿ ಎನ್ನುತ್ತಾರೆ. ನೇರವಾಗಿಯೇ ಕೇಳಿದೆ: ‘ಮಾವಶಿ, ದೇವರಿಗಿ ಎಲ್ಲಾ ಗೊತ್ತದ ಅಂತೀರಿ. ಮತ್ತ ದಿನಾ ಯಾಕ್ ಹೇಳ್ತೀರಿ?’

‘ಯಾರೂ ಇಲ್ಲದ ಮನಿ ಕದ ಯಾರಾರ ದಿನಾ ಬಡೀತಾರೇನು ತಮ್ಮಾ?’ ಎಂದಳು. ‘ಒಳಗ ಅದಾನಂತ ಗೊತ್ತದ, ಅದಕ್ಕೇ ಬಡೀಲಾಕತ್ತೀನಿ.’

ನಂಬಿಕೆಯಿಲ್ಲದವನು ಒಂದು ಸಲ ತಟ್ಟಿ ಹೊರಟುಹೋಗುತ್ತಾನೆ. ಹೊರಟುಹೋದವನನ್ನು ಶಾಂತಚಿತ್ತನೆಂದು ನಾವು ಮೆಚ್ಚುವುದೂ ಉಂಟು. ತಟ್ಟುತ್ತಲೇ ಇರುವವಳಲ್ಲಿ ಸಂಶಯ ಕಂಡಿದ್ದ ನನಗೆ ಈ ಉತ್ತರ ಆ ಸಂಶಯವನ್ನು ತಿರುಗಿಸಿ ತೋರಿಸಿತು. ಆದರೆ ಬಾಗಿಲು ತೆರೆಯದೇ ಹೋದಾಗ ಏನು? ಆ ಪ್ರಶ್ನೆಗೆ ಮಾವಶಿ ಅಂದು ಏನೂ ಹೇಳಲಿಲ್ಲ.

ರಮಾಬಾಯಿ

ತೆರೆಯದ ಬಾಗಿಲ ಬಗ್ಗೆ ಯೋಚಿಸುವಾಗೆಲ್ಲ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಕನ್ನಡನಾಡಿಗೂ ಮರಾಠಿ ನಾಡಿಗೂ ಸೇರಿದ ಜೀವ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಮಗಳು ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಕಟ್ಟಿಕೊಂಡ ತಂದೆ, ಸಂಸಾರವನ್ನು ಕರೆದುಕೊಂಡು ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದರು. 1874ರ ಸುಮಾರಿನ ಬರದಲ್ಲಿ ಇದ್ದುದೆಲ್ಲ ಮುಗಿಯಿತು. ವ್ರತ, ಉಪವಾಸ, ಪುಣ್ಯಸ್ನಾನ, ಪೂಜೆ ಯಾವುದನ್ನೂ ಆ ಮನೆ ಬಿಟ್ಟಿರಲಿಲ್ಲ. ಆದರೂ ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳುಗಳಲ್ಲಿ ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ.

ಬೇಡಿ ಬೇಡಿ ಇಷ್ಟು ಕಳೆದುಕೊಂಡವಳು ಮತ್ತೆಂದೂ ಯಾರನ್ನೂ ಬೇಡಬಾರದಿತ್ತು. ಆದರೆ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅಮೆರಿಕದ ಹಿತೈಷಿಗಳು ಮಾತು ಕೊಟ್ಟಿದ್ದು ಹತ್ತು ವರ್ಷದ ನೆರವಿಗೆ. ಆ ಅವಧಿ ಮುಗಿಯುತ್ತ ಬಂದ ಹೊತ್ತಿಗೇ, 1896–97ರ ಬರದಲ್ಲಿ, ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನು ನೂರರ ಲೆಕ್ಕದಲ್ಲಿ ಕರೆತಂದರು. ಅವರ ಊಟಕ್ಕೆ ಹಣ ಎಲ್ಲಿಂದ ಬರುತ್ತದೆಂಬುದು ಆಗ ತೀರ್ಮಾನವಾಗಿರಲಿಲ್ಲ. ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಯೊಡ್ಡದೆ, ಪ್ರಾರ್ಥನೆಯನ್ನೇ ನಂಬಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್‌ನ ವೃತ್ತಾಂತವನ್ನು ಅವರು ಓದಿದ್ದರು. 1900ರ ಹೊತ್ತಿಗೆ ಪುಣೆ ಜಿಲ್ಲೆಯ ಕೇಡಗಾವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಉಣ್ಣುವ ಬಾಯಿಗಳು ಸಾವಿರ ದಾಟಿದ್ದವು.

ಒಂದು ಸಂಗತಿಗೆ ಅಡಿಗೆರೆ ಎಳೆದಿದ್ದೇನೆ. ಪ್ರಾರ್ಥಿಸುತ್ತಲೇ ಅವರು ಬಾವಿ ತೋಡಿಸಿದರು, ಹೊಲ ಉಳುಮೆ ಮಾಡಿಸಿದರು, ಮಗ್ಗ ಹೂಡಿದರು, ಅಚ್ಚುಕೂಟ ನಡೆಸಿದರು. ಕೇಳುವುದು ಅವರ ಕೈಯನ್ನು ಖಾಲಿ ಕೂರಿಸಲಿಲ್ಲ. 1905ರ ಜನವರಿಯಲ್ಲಿ ದಿನಾ ಸೇರಿ ಪ್ರಾರ್ಥಿಸೋಣವೆಂದು ಕರೆದಾಗ ಬಂದವರು ಎಪ್ಪತ್ತು ಮಂದಿ. ತಿಂಗಳು ತಿಂಗಳಿಗೆ ಅದು ಬೆಳೆದು, ಜೂನ್ ಕೊನೆಗೆ ಮುಕ್ತಿಯ ದೊಡ್ಡ ಆತ್ಮಿಕ ಎಚ್ಚರ ಕಾಣಿಸಿಕೊಂಡಿತು. ಚರಿತ್ರೆಕಾರರು ಈ ಎಚ್ಚರದ ದಿನವನ್ನು ಹಿಡಿಯುತ್ತಾರೆ. ನನ್ನ ಮನಸ್ಸು ಅದಕ್ಕೂ ಹಿಂದಿನ, ಏನೂ ಕಾಣದ ತಿಂಗಳುಗಳ ಮೇಲೆ ನಿಲ್ಲುತ್ತದೆ.

ಮನೋರಮಾ

ರಮಾಬಾಯಿಯ ಒಬ್ಬಳೇ ಮಗಳು ಮನೋರಮಾ. ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟವಳು. 1910ರ ದಶಕದಲ್ಲಿ ನಮ್ಮ ಪಕ್ಕದ ಕಲಬುರ್ಗಿಯಲ್ಲಿ ಶಾಲೆ ತೆರೆದವಳೂ ಅವಳೇ. ತಾಯಿಯ ನಂತರ ಮುಕ್ತಿಯ ಭಾರ ಅವಳದಾಗಬೇಕಿತ್ತು. ನಲವತ್ತರ ವಯಸ್ಸಿನಲ್ಲಿ, 1921ರ ಜುಲೈಯಲ್ಲಿ, ತಾಯಿಗಿಂತ ಮೊದಲು ತೀರಿಕೊಂಡಳು. ಸಾವಿರಾರು ಮಕ್ಕಳಿಗಾಗಿ ಬೇಡಿ ಪಡೆದ ತಾಯಿ ಸ್ವಂತ ಮಗಳಿಗಾಗಿ ಬೇಡದೆ ಇದ್ದಿರಲಾರಳು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ರಮಾಬಾಯಿಯೂ ಹೋದರು. ಈ ನಡುವಿನ ತಿಂಗಳುಗಳಲ್ಲಿ ಅವರು ಸತ್ಯವೇದದ ಮರಾಠಿ ಅನುವಾದದ ಕೆಲಸ ಕೈಬಿಡಲಿಲ್ಲ. ಹಳ್ಳಿಯ ಹೆಂಗಸರಿಗೂ ತಿಳಿಯಲೆಂದು ಸರಳ ಮರಾಠಿಯಲ್ಲಿ ಮಾಡಿದ ಆ ಅನುವಾದ ಹೊರಬಂದದ್ದು ಅವರು ಹೋದ ಮೇಲೆ, 1924ರಲ್ಲಿ. ಉತ್ತರ ಬಂದಾಗ ನಂಬುವುದು ನನಗೆ ಅರ್ಥವಾಗುತ್ತದೆ. ಈ ಒಂಬತ್ತು ತಿಂಗಳು ಅರ್ಥವಾಗುವುದಿಲ್ಲ, ಆದರೆ ಗೌರವಿಸದೆ ಇರಲಾರೆ.

ಕಿಲ್ಲಾರಿ

ಈ ಸೀಮೆಯಲ್ಲಿ ಪ್ರಾರ್ಥನೆಯ ಬಗ್ಗೆ ಬರೆಯುವವರು ಕಿಲ್ಲಾರಿಯ ಭೂಕಂಪವನ್ನು ದಾಟಿ ಹೋಗುವಂತಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ. ಗಣಪತಿಯನ್ನು ಕಳಿಸಿ ಬಂದು ಮಲಗಿದ ಜನ. 6.2ರ ಕಂಪನ. ಔಸಾ, ಉಮರ್ಗಾ ತಾಲೂಕಿನ ಹಳ್ಳಿಗಳಲ್ಲಿ ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ ಮಲಗಿದವರ ಮೇಲೆಯೇ ಕೂತವು. ಸತ್ತವರು ಎಂಟು ಸಾವಿರದ ಹತ್ತಿರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವರಲ್ಲಿ ಆ ರಾತ್ರಿ ಕೈಮುಗಿದು ಮಲಗಿದವರು ಎಷ್ಟೋ.

ಪ್ರಾರ್ಥನೆಯಿಂದ ಪಾರಾದೆವು ಎಂದು ಸಾಕ್ಷಿ ಹೇಳುವವರಿದ್ದಾರೆ. ಅವರ ಕೃತಜ್ಞತೆ ನಿಜ. ಆದರೆ ಪಕ್ಕದ ಮನೆಯ ತಾಯಿ ಏನನ್ನು ಕಡಿಮೆ ಬೇಡಿದ್ದಳು? ಇದಕ್ಕೆ ಉತ್ತರ ಕೊಡುವ ಯಾರನ್ನೂ ನಾನು ನಂಬಲಾರೆ. ಕ್ರೈಸ್ತರ ಪುಸ್ತಕದಲ್ಲಿಯೂ ಇಲ್ಲಿ ಸುಲಭದ ಉತ್ತರವಿಲ್ಲ. ಕೀರ್ತನೆಗಳಲ್ಲಿ ಎಂಬತ್ತೆಂಟನೆಯದು ಹಗಲೂ ರಾತ್ರಿ ಕೂಗಿದವನ ಅಳಲು. ಕೊನೆಯಲ್ಲೂ ಬೆಳಕಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೆಂದೇ ಅಲ್ಲಿ ಉಳಿದಿದೆ, ಯಾರೂ ತೆಗೆದುಹಾಕಲಿಲ್ಲ. ದೂರುವುದಕ್ಕೂ ದೇವರ ಮುಂದೆಯೇ ಬರಬೇಕು ಎಂದು ಆ ಕೀರ್ತನೆಕಾರನಿಗೆ ಅನ್ನಿಸಿತ್ತು.

ಇಲ್ಲ ಎಂಬ ಉತ್ತರ

ಗೆತ್ಸೇಮನೆಯಲ್ಲಿ ಯೇಸು ಒಂದೇ ಬಿನ್ನಹವನ್ನು ಮೂರು ಸಲ ಮಾಡುತ್ತಾನೆ. ಈ ಪಾತ್ರೆ ದಾಟಿಹೋಗಲಿ, ಆದರೂ ನಿನ್ನ ಚಿತ್ತದಂತೆ ಆಗಲಿ ಎಂಬುದು ಅದರ ಸಾರ. ಪಾತ್ರೆ ದಾಟಿಹೋಗುವುದಿಲ್ಲ. ಪೌಲನೂ ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡುತ್ತಾನೆ. ಮುಳ್ಳು ಉಳಿಯುತ್ತದೆ, ತಾಳಿಕೊಳ್ಳುವ ಬಲ ಬರುತ್ತದೆ. ಬಿಡದೆ ಕೇಳಿದವರಲ್ಲಿ ಇಬ್ಬರು ದೊಡ್ಡವರಿಗೇ ಕೇಳಿದ್ದು ಸಿಗಲಿಲ್ಲ. ಆ ಪುಸ್ತಕ ಇದನ್ನು ಮುಚ್ಚಿಟ್ಟಿಲ್ಲ. ಇಬ್ಬರೂ ಒಂದು ಹಂತದಲ್ಲಿ ಕೇಳುವುದನ್ನು ನಿಲ್ಲಿಸಿ ಎದ್ದು ಮುಂದಿನ ದಾರಿಗೆ ನಡೆದದ್ದೂ ಅಲ್ಲಿದೆ. ಯಾವಾಗ ಕೇಳುತ್ತಿರಬೇಕು, ಯಾವಾಗ ಏಳಬೇಕು? ಇದನ್ನು ಗುರುತಿಸುವ ಬಗೆ ನನಗಿನ್ನೂ ತಿಳಿದಿಲ್ಲ.

ಸಿಟ್ಟಿನ ಟಿಪ್ಪಣಿ

ಕಾಯಿಲೆ ವಾಸಿಯಾಗಲಿಲ್ಲವೆಂದರೆ ನಿನ್ನ ವಿಶ್ವಾಸ ಸಾಲದು ಎಂದು ಮಲಗಿದವರಿಗೆ ಹೇಳುವ ಬೋಧಕರಿದ್ದಾರೆ. ಇದು ಕ್ರೌರ್ಯ. ಲೂಕನ ಕಥೆಯ ವಿಧವೆಯ ವಿಶ್ವಾಸವನ್ನು ಯಾರೂ ತೂಕಕ್ಕೆ ಹಾಕಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ, ನಂಬುತ್ತೇನೆ ಎನ್ನುತ್ತಲೇ ತನ್ನ ಅಪನಂಬಿಕೆಗೂ ಸಹಾಯ ಬೇಡುವ ಒಬ್ಬ ತಂದೆ ಬರುತ್ತಾನೆ. ಅವನ ಮಗ ಗುಣವಾದ. ನಮ್ಮ ಗಲ್ಲಿಯ ಹೆಂಗಸರು ಇದನ್ನು ಬೋಧಕರಿಗಿಂತ ಚೆನ್ನಾಗಿ ಬಲ್ಲರು. ಜ್ವರ ಬಂದ ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಆಮೆನ್ ಎಂದವರೇ ಆಟೋ ಕರೆದು ದವಾಖಾನೆಗೆ ಒಯ್ಯುತ್ತಾರೆ.

ಇಟ್ಟಿಗೆ

ಆಷಾಢದಲ್ಲಿ ಈ ಕಡೆಯ ದಿಂಡಿಗಳು ಪಂಢರಪುರಕ್ಕೆ ನಡೆಯುತ್ತವೆ. ತಾಯಿತಂದೆಯ ಸೇವೆಯಲ್ಲಿದ್ದ ಪುಂಡಲೀಕ ಸ್ವಲ್ಪ ನಿಲ್ಲು ಎಂದು ಇಟ್ಟಿಗೆ ಎಸೆದನಂತೆ, ವಿಠ್ಠಲ ಅದರ ಮೇಲೆ ಇನ್ನೂ ನಿಂತಿದ್ದಾನೆ. ಮಾವಶಿಗೆ ಇದನ್ನು ಹೇಳಿದೆ. ಪ್ರಕಟನೆಯ ಪುಸ್ತಕದಲ್ಲಿ ಕರ್ತನೇ ಬಾಗಿಲಾಚೆ ನಿಂತು ತಟ್ಟುತ್ತಾನೆ ಎಂದು ಅವಳು ಹೇಳಿದಳು. ಕಾಯುವುದು ಮನುಷ್ಯನ ಪಾಲಿಗೆ ಮಾತ್ರ ಬಂದದ್ದಲ್ಲ ಎಂದು ಎರಡು ದಾರಿಯವರೂ ಬಲ್ಲರು.

ಅದೇ ಹೆಸರು

ಪುಣೆಯ ಹುಡುಗನ ತಾಯಿಯ ಪ್ರಾರ್ಥನೆಯನ್ನು ಈಚೆಗೆ ಗಮನವಿಟ್ಟು ಕೇಳುತ್ತಿದ್ದೇನೆ. ಹೆಸರು ಅದೇ, ಬೇಡಿಕೆ ಮಾತ್ರ ಬದಲಾಗುತ್ತ ಬಂದಿದೆ. ಮೊದಮೊದಲು ಅವಳು ಬೇಡುತ್ತಿದ್ದುದು ಅವನು ಮನೆಗೆ ಹಣ ಕಳಿಸಲಿ ಎಂದು. ಆಮೇಲೆ ಕುಡಿತ ಬಿಡಲಿ ಎಂದಾಯಿತು. ಈಗ, ಅವನಿರುವಲ್ಲಿ ಯಾರಾದರೂ ಒಂದು ತುತ್ತು ಹಾಕಲಿ, ಹಾಗೆಯೇ ಪರಊರಲ್ಲಿ ಬಿದ್ದಿರುವ ಎಲ್ಲರ ಮಕ್ಕಳಿಗೂ ಹಾಕಲಿ ಎನ್ನುತ್ತಾಳೆ. ಕಬ್ಬು ಕಡಿಯಲು ಹೋದವರ, ಪರೀಕ್ಷೆಗೆ ಕೂತವರ, ಗಂಡ ಬಿಟ್ಟವರ ಹೆಸರುಗಳೂ ಅದರೊಂದಿಗೆ ಸೇರಿಕೊಂಡಿವೆ. ಹೆಸರು ವಾರ ವಾರವೂ ಬರುವುದರಿಂದ ಗಲ್ಲಿ ಅವನನ್ನು ಮರೆತಿಲ್ಲ. ಪುಣೆಗೆ ಹೋದವರು ಅವನನ್ನು ಹುಡುಕಿ ಮಾತಾಡಿಸಿ ಬರುತ್ತಾರೆ. ಒಂದೇ ಮಾತೆಂದು ಗೋಡೆಯಾಚೆ ಕೇಳಿಸುತ್ತಿದ್ದುದರೊಳಗೆ ಒಬ್ಬ ತಾಯಿಯ ಮನಸ್ಸು ಇಷ್ಟು ದೂರ ನಡೆದಿದೆ.

ಹುಡುಗ ಇನ್ನೂ ಮರಳಿಲ್ಲ. ಅದನ್ನು ಅವಳು ಅಲ್ಲಗಳೆಯುವುದಿಲ್ಲ.

ಉಳಿದ ಪ್ರಶ್ನೆ

ವಿಧವೆಯ ಕಥೆ ಮುಗಿಸುತ್ತ ಯೇಸು ತಾನೇ ಒಂದು ಪ್ರಶ್ನೆ ಕೇಳುತ್ತಾನೆ: ಮನುಷ್ಯಕುಮಾರನು ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೆ? ದೇವರು ಕೊಡುತ್ತಾನೋ ಇಲ್ಲವೋ ಎಂದು ಶುರುವಾದ ಕಥೆ, ಅಷ್ಟು ಕಾಲ ಕೇಳುತ್ತ ನಿಲ್ಲುವವರು ಇರುತ್ತಾರೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೊದಲ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ; ಕಿಲ್ಲಾರಿಯ ನೆಲದಲ್ಲಿ ನಿಂತು ಹೌದು ಎನ್ನಲು ಬಾಯಿ ಬರುವುದಿಲ್ಲ. ಎರಡನೆಯದಕ್ಕೆ ನಾನು ಕಂಡು, ಓದಿ ತಿಳಿದ ಮಟ್ಟಿಗೆ ಹೇಳಬಲ್ಲೆ: ಇದ್ದಾರೆ. ಕೈಗೂಡದಿದ್ದರೂ ಧಾರೂರಿಗೆ ಹೋಗುವವರು, ಮಗಳನ್ನು ಮಣ್ಣು ಮಾಡಿ ಅನುವಾದಕ್ಕೆ ಕೂತವರು, ಶುಕ್ರವಾರ ತಪ್ಪಿಸದವರು. ಅವರ ನಂಬಿಕೆ ನನ್ನದಲ್ಲ. ಅದನ್ನು ದುರ್ಬಲರ ಸಮಾಧಾನ ಎಂದು ಯಾರಾದರೂ ತಳ್ಳಿಹಾಕಿದರೆ ಇನ್ನು ಮುಂದೆ ನಾನು ಸುಮ್ಮನಿರುವುದಿಲ್ಲ.